ಮಾಲು ಯಾವುದು, ಊರು ಯಾವುದು: ಸ್ಟೇಷನರಿ ವ್ಯಾಪಾರಕ್ಕೆ ಇಳಿಯುವ ಅಳಿಯನಿಗೆ ಕಿವಿಮಾತು

ಅಳಿಯಾ, ಕ್ಯಾತಗಾನಚೆರ್ಲು ಬಿಟ್ಟು ಮಧುಗಿರಿಯಲ್ಲಿ ಸ್ಟೇಷನರಿ ಹೋಲ್‌ಸೇಲ್ ಹಾಕುತ್ತೀನಿ, ಸಿರಾ, ಕೊರಟಗೆರೆ, ಪಾವಗಡಕ್ಕೆ ಲೈನ್ ಓಡಿಸುತ್ತೀನಿ ಅಂತ ಹೊರಟಿದ್ದೀಯ. ಒಳ್ಳೆಯದು. ಬಂಡವಾಳ, ಗೋಡೌನು, ಗಾಡಿ ಇವನ್ನೆಲ್ಲ ಭಾವ ನೋಡಿಕೊಳ್ಳುತ್ತಾರೆ, ಅದರಲ್ಲಿ ನಾನು ಬಾಯಿ ಹಾಕಲ್ಲ. ನಾನು ಹೇಳುವುದು ಲೆಕ್ಕದ ಮಾತು. ಅದರಲ್ಲೂ ಒಂದೇ ಭಾಗ: ಆದ ಮಾರಾಟವನ್ನು ಮಾಲುವಾರು, ಊರುವಾರು ಬಿಡಿಸಿ ಬರೆಯುವುದು. ಗಲ್ಲಾದ ಮೇಲೆ ಕೂತವರಿಗೆ ಇದು ಬೇಸರದ ಕೆಲಸ ಅನ್ನಿಸುತ್ತದೆ. ಆದರೆ ನಮ್ಮ ಕಡೆ ಮುಚ್ಚಿಹೋದ ಎಷ್ಟೋ ಅಂಗಡಿಗಳು ವ್ಯಾಪಾರವಿಲ್ಲದೆ ಮುಚ್ಚಿದ್ದಲ್ಲ. ಯಾವ ಊರಿನ ವ್ಯಾಪಾರ ತಮ್ಮನ್ನು ತಿನ್ನುತ್ತಿದೆ ಅಂತ ಗೊತ್ತಾಗದೆ ಮುಚ್ಚಿದವು.

• ಒಟ್ಟು ಮಾರಾಟದ ಅಂಕಿಯನ್ನು ಊರಿಗೆಲ್ಲ ಹೇಳಬೇಡ, ನೀನೂ ನಂಬಬೇಡ. ‘ಈ ತಿಂಗಳು ನಾಲ್ಕು ಲಕ್ಷ ಆಯ್ತು ಮಾವ’ ಅಂದರೆ ನನಗೆ ಏನೂ ತಿಳಿಯಲ್ಲ. ನಾಲ್ಕು ಲಕ್ಷದಲ್ಲಿ ನೋಟ್‌ಬುಕ್ ಎಷ್ಟು, ಫೈಲು-ಪೇಪರ್ ಎಷ್ಟು, ಟೋನರ್ ಎಷ್ಟು? ಪಾವಗಡಕ್ಕೆ ಎಷ್ಟು ಹೋಯಿತು, ಅದರಲ್ಲಿ ದುಡ್ಡು ಎಷ್ಟು ವಾಪಸ್ ಬಂತು? ಅದನ್ನು ಹೇಳು, ಆಗ ಮಾತಾಡೋಣ.

• ಪ್ರತಿ ಬಿಲ್ಲಿಗೂ ಎರಡು ಗುರುತು ಹಾಕು: ಒಂದು ಮಾಲಿನದು, ಒಂದು ಊರಿನದು. ಬಿಲ್ಲು ಹರಿಯುವ ಹೊತ್ತಿಗೇ ಹಾಕಬೇಕು. ತಿಂಗಳ ಕೊನೆಗೆ ಕೂತು ನೆನಪಿನ ಮೇಲೆ ಹಾಕಿದ ಗುರುತು ಕಾಸಿಗೂ ಪ್ರಯೋಜನವಿಲ್ಲ. ಒಂದೇ ಬಿಲ್ಲಿನಲ್ಲಿ ನೋಟ್‌ಬುಕ್ಕೂ ಬಾಕ್ಸ್ ಫೈಲೂ ಇದ್ದರೆ ಸಾಲು ಸಾಲಿಗೆ ಗುರುತು ಹಾಕು, ಇಡೀ ಬಿಲ್ಲಿಗೆ ಅಲ್ಲ.

• ಮಾಲಿನ ಗುಂಪು ನಾಲ್ಕೇ ಸಾಕು. ಶಾಲೆ ಮಾಲು: ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಜಾಮಿಟ್ರಿ ಬಾಕ್ಸ್, ಡ್ರಾಯಿಂಗ್ ಶೀಟ್. ಕಚೇರಿ ಮಾಲು: ಎ4 ಬಂಡಲ್, ಕೇಸ್ ಫೈಲ್, ಟ್ಯಾಗ್, ಹಾಜರಿ ಪುಸ್ತಕ, ರಿಜಿಸ್ಟರ್, ಸ್ಟಾಂಪ್ ಪ್ಯಾಡ್. ಕಂಪ್ಯೂಟರ್ ಮಾಲು: ಟೋನರ್, ಇಂಕು, ಪೆನ್‌ಡ್ರೈವ್. ಇನ್ನೊಂದು ಫ್ಯಾನ್ಸಿ, ಗಿಫ್ಟು. ಪೆನ್ನನ್ನು ಎಲ್ಲಿ ಹಾಕಲಿ ಅಂತ ಕೇಳುತ್ತೀಯ. ಎಲ್ಲಾದರೂ ಹಾಕು, ಆದರೆ ಒಂದು ಸಲ ಹಾಕಿದ ಕಡೆಯೇ ವರ್ಷಪೂರ್ತಿ ಇರಲಿ.

ಗುಂಪು ಹೆಚ್ಚು ಮಾಡಬೇಕು ಅಂತ ಆಸೆಯಾದಾಗಲೆಲ್ಲ ಒಂದು ಪ್ರಶ್ನೆ ಕೇಳಿಕೊ: ಈ ಗುಂಪಿನ ಲೆಕ್ಕ ಕೆಟ್ಟದಾಗಿ ಬಂದರೆ ನಾನೇನಾದರೂ ಬೇರೆ ಮಾಡುತ್ತೀನಾ? ಮಾಲು ನಿಲ್ಲಿಸುತ್ತೀನಾ, ದರ ಬದಲಾಯಿಸುತ್ತೀನಾ, ಉದ್ರಿ ಕಡಿಮೆ ಮಾಡುತ್ತೀನಾ? ಇಲ್ಲ ಅಂದಮೇಲೆ ಆ ಗುಂಪು ಬೇಡ. ಸ್ಟೇಪ್ಲರ್ ಪಿನ್ನಿಗೆ ಬೇರೆ ಖಾತೆ ತೆರೆದವರನ್ನೂ ನೋಡಿದ್ದೇನೆ. ಅವರಿಗೆ ಪಿನ್ನಿನ ಲೆಕ್ಕ ಸಿಕ್ಕಿತು, ಅಂಗಡಿಯದು ಸಿಗಲಿಲ್ಲ.

• ಇದು ನಾನು ಕೂತು ಕಟ್ಟಿದ ಪದ್ಧತಿ ಅಂದುಕೊಳ್ಳಬೇಡ. ದೊಡ್ಡ ಕಂಪನಿಗಳಿಗೆ ಇದು ಕಡ್ಡಾಯ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಐಸಿಎಐ 2000ದಲ್ಲೇ ‘ಎಎಸ್ 17’ ಅನ್ನುವ ಮಾನದಂಡ ಹೊರಡಿಸಿತು. ವ್ಯಾಪಾರದ ವಿಭಾಗ ಬೇರೆ, ಭೂಪ್ರದೇಶದ ವಿಭಾಗ ಬೇರೆ, ಎರಡನ್ನೂ ಷೇರುದಾರರಿಗೆ ತೋರಿಸು ಅನ್ನುತ್ತದೆ ಅದು. ಈಗ ದೊಡ್ಡ ಕಂಪನಿಗಳು ‘ಇಂಡ್ ಎಎಸ್ 108’ ಪ್ರಕಾರ ಬರೆಯುತ್ತವೆ. ಅದರ ಸಾರ ಇನ್ನೂ ಚೆನ್ನಾಗಿದೆ: ಕಂಪನಿಯಲ್ಲಿ ತೀರ್ಮಾನ ಮಾಡುವವರು ಒಳಗೆ ಯಾವ ರೀತಿ ಬಿಡಿಸಿ ನೋಡುತ್ತಾರೋ ಹೊರಗಿನವರಿಗೂ ಅದೇ ರೀತಿ ತೋರಿಸಬೇಕು. ನಮ್ಮಂಥ ಅಂಗಡಿಗೆ ಇದ್ಯಾವುದೂ ಅನ್ವಯಿಸಲ್ಲ. ಕಾನೂನು ಬಿಟ್ಟಿದೆ ಅಂತ ಬುದ್ಧಿಯೂ ಬಿಡಬೇಕಾಗಿಲ್ಲ.

ನೋಟ್‌ಬುಕ್ಕಿನ ನವನೀತ್ ಕಂಪನಿಯನ್ನೇ ನೋಡು. ಪ್ರಕಾಶನ ಒಂದು ವಿಭಾಗ, ಸ್ಟೇಷನರಿ ಒಂದು ವಿಭಾಗ ಅಂತ ಲಾಭ ಬೇರೆ ಬೇರೆ ತೋರಿಸುತ್ತದೆ. ಕ್ಲಾಸ್‌ಮೇಟ್ ಮಾರುವ ಐಟಿಸಿಯದು ಇನ್ನೊಂದು ಬಗೆ. ಅಷ್ಟು ಹೆಸರಾದ ನೋಟ್‌ಬುಕ್ಕಿಗೂ ಅಲ್ಲಿ ತನ್ನದೇ ವಿಭಾಗವಿಲ್ಲ, ಬಿಸ್ಕತ್ತು, ಗೋಧಿಹಿಟ್ಟಿನ ಜೊತೆ ಒಂದೇ ಗುಂಪಿನಲ್ಲಿ ಕೂತಿದೆ. ಅಮೆರಿಕದ ಆಫೀಸ್ ಡಿಪೊ ನಮ್ಮ ಕಸುಬಿನದೇ ಕಂಪನಿ. ಅದು ಬಹಳ ವರ್ಷ ಲೆಕ್ಕವನ್ನು ಮೂರು ಪಾಲು ಮಾಡಿ ತೋರಿಸುತ್ತಿತ್ತು: ಉತ್ತರ ಅಮೆರಿಕದ ಅಂಗಡಿಗಳು, ಅಲ್ಲಿಯ ಕಂಪನಿ-ಕಚೇರಿಗಳಿಗೆ ನೇರ ಸರಬರಾಜು, ಹೊರದೇಶದ ವ್ಯಾಪಾರ. ಅಂದರೆ ಕೌಂಟರ್ ಬೇರೆ, ಲೈನ್ ಬೇರೆ, ಗಡಿಯಾಚೆ ಬೇರೆ. ಮಧುಗಿರಿಯಲ್ಲಿ ಕೂತ ನಿನಗೂ ಇವೇ ಮೂರು.

ಎಎಸ್ 17ರಲ್ಲಿ ಒಂದು ಅಳತೆ ಇದೆ, ಅದನ್ನು ಎತ್ತಿಟ್ಟುಕೊ. ಒಟ್ಟು ಮಾರಾಟದಲ್ಲೋ ಲಾಭನಷ್ಟದಲ್ಲೋ ಆಸ್ತಿಯಲ್ಲೋ ಶೇ 10 ಮುಟ್ಟಿದ ವಿಭಾಗವನ್ನು ಬೇರೆಯಾಗಿ ತೋರಿಸಬೇಕು. ಹಾಗೆ ತೋರಿಸಿದವು ಎಲ್ಲ ಸೇರಿ ಹೊರಗಿನ ಮಾರಾಟದ ಶೇ 75 ಆದರೂ ಆಗಿರಬೇಕು. ನೂರಕ್ಕೆ ಹತ್ತು ಮುಟ್ಟದ್ದನ್ನು ‘ಇತರೆ’ಗೆ ತಳ್ಳು. ಆದರೆ ‘ಇತರೆ’ಯೇ ಕಾಲು ಭಾಗ ದಾಟಿತು ಅಂದರೆ ನೀನು ಏನನ್ನೋ ನೋಡದೆ ಬಿಟ್ಟಿದ್ದೀಯ ಅಂತಲೇ ಅರ್ಥ.

• ಊರಿನ ಗುರುತಿಗೆ ತಾಲ್ಲೂಕೇ ಸರಿ. ಯಾಕೆ ಅಂದರೆ ನಮ್ಮ ದುಡ್ಡು ತಾಲ್ಲೂಕಿನ ಲೆಕ್ಕದಲ್ಲಿ ಓಡಾಡುತ್ತದೆ. ತಾಲ್ಲೂಕು ಕಚೇರಿ, ತಾಲ್ಲೂಕು ಪಂಚಾಯಿತಿ, ಬಿಇಒ ಕಚೇರಿ, ಖಜಾನೆ ಎಲ್ಲವೂ ತಾಲ್ಲೂಕಿಗೊಂದು. ಇನ್ನೊಂದು ಅನುಕೂಲವೂ ಇದೆ. ತುಮಕೂರು ಜಿಲ್ಲೆ ಕಂದಾಯಕ್ಕೆ ಒಂದೇ ಆದರೂ ಶಾಲೆಗಳ ಮಟ್ಟಿಗೆ ಎರಡು. ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿರುವುದು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೇ. ನಿನ್ನ ಲೈನೂ ಅದೇ ನಾಲ್ಕು. ಡಿಡಿಪಿಐ ಕಚೇರಿ ಇರುವ ಊರಲ್ಲೇ ಅಂಗಡಿ ಇಡುತ್ತಿದ್ದೀಯ. ಶಾಲೆಗಳ ಪಟ್ಟಿ, ಮಕ್ಕಳ ಸಂಖ್ಯೆ ಇದೇ ನಾಲ್ಕು ಭಾಗವಾಗಿ ಸಿಗುತ್ತದೆ. ನಿನ್ನ ಮಾರಾಟವೂ ಅದೇ ನಾಲ್ಕು ಭಾಗವಾಗಿದ್ದರೆ ಪಕ್ಕಪಕ್ಕ ಇಟ್ಟು ನೋಡಬಹುದು.

ಹೋಬಳಿವಾರು ಬೇಕಾ? ಎಲ್ಲ ಕಡೆ ಬೇಡ. ಕೊರಟಗೆರೆಯಲ್ಲಿ ಕಸಬಾ, ಹೊಳವನಹಳ್ಳಿ, ಕೋಳಾಲ, ಚನ್ನರಾಯನದುರ್ಗ ಅಂತ ಒಡೆದರೆ ಅಂಕಿ ಪುಡಿಯಾಗುತ್ತದೆ ಅಷ್ಟೇ. ಅಲ್ಲಿಯ ದೊಡ್ಡ ಅಂಗಡಿಯವರು ಹತ್ತಿರದ ತುಮಕೂರಿಗೆ ಹೋಗಿ ತಾವೇ ಮಾಲು ತರುತ್ತಾರೆ, ನಿನಗೆ ಸಿಗುವುದು ಸಣ್ಣವರೇ. ಪಾವಗಡವನ್ನು ಮಾತ್ರ ಹೋಬಳಿ ಹೋಬಳಿಯಾಗಿ ಬರೆ: ಕಸಬಾ, ನಿಡಗಲ್, ನಾಗಲಮಡಿಕೆ, ವೈ.ಎನ್. ಹೊಸಕೋಟೆ. ದೂರ ಜಾಸ್ತಿ, ದಿಕ್ಕು ಬೇರೆ ಬೇರೆ, ಗಿರಾಕಿಯ ಜಾತಕವೂ ಬೇರೆ ಬೇರೆ.

• ಗುರುತು ತಾಲ್ಲೂಕಿನದೇ ಆದರೂ, ಮಾರಾಟ ಆಗದ ಊರಿನ ಹೆಸರನ್ನೂ ಹಾಳೆಯ ಅಂಚಿನಲ್ಲಿ ಬರೆ. ಸೊನ್ನೆಯೂ ಒಂದು ಅಂಕಿ. ಮಧುಗಿರಿ ತಾಲ್ಲೂಕಿನದೇ ಆದ ಕೊಡಿಗೇನಹಳ್ಳಿ ಹೆಸರಿನ ಮುಂದೆ ತಿಂಗಳುಗಟ್ಟಲೆ ಏನೂ ಬೀಳದಿದ್ದರೆ, ಅಲ್ಲಿ ಮಕ್ಕಳಿಲ್ಲ ಅಂತಲ್ಲ. ಅವರು ಹಿಂದೂಪುರಕ್ಕೋ ಗೌರಿಬಿದನೂರಿಗೋ ಹೋಗಿ ಬರುತ್ತಿದ್ದಾರೆ ಅಂತ.

• ಮಾಲು ಹೋದ ಊರು ಒಂದು, ಬಿಲ್ಲು ಹೋದ ಊರು ಇನ್ನೊಂದು. ಇದು ನಿನ್ನ ಊರಿನಲ್ಲೇ ಎದ್ದು ಕಾಣುವ ವಿಚಾರ, ಆದ್ದರಿಂದ ಬಿಡಿಸಿ ಹೇಳುತ್ತೀನಿ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ನಿಮ್ಮ ಕ್ಯಾತಗಾನಚೆರ್ಲು, ಈ ಐದು ಊರಿನ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿತು. 2018ರ ಮಾರ್ಚ್‌ನಲ್ಲಿ ಉದ್ಘಾಟನೆ, 2019ರ ಡಿಸೆಂಬರ್ ಹೊತ್ತಿಗೆ ಪೂರ್ತಿ 2,050 ಮೆಗಾವಾಟ್. ಕಡಲೆಕಾಯಿ ಬೆಳೆದು ಮಳೆಗೆ ಬಾಯಿ ಬಿಟ್ಟಿದ್ದ ನೆಲಕ್ಕೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಶುರುವಾಯಿತು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಸ್ಟೇಷನರಿಯವರಿಗೆ ಬೇಕಾದ್ದು ಇಷ್ಟು: ಅಲ್ಲಿ ಕಂಪನಿಗಳ ಸೈಟ್ ಆಫೀಸ್‌ಗಳಿವೆ. ಗೇಟಿನ ರಿಜಿಸ್ಟರ್, ಲಾಗ್ ಬುಕ್, ಎ4, ಬಾಕ್ಸ್ ಫೈಲ್, ಟೋನರ್ ಅವರಿಗೆ ಬೇಕೇ ಬೇಕು. ಮಕ್ಕಳ ರಜೆ, ಪರೀಕ್ಷೆ ಅಂತ ಇಲ್ಲದೆ ಹನ್ನೆರಡು ತಿಂಗಳೂ ಬೇಕು.

ಈಗ ಒಂದು ಆರ್ಡರ್ ಬಂತು ಅನ್ನು. ಮಾಲು ಇಳಿಸಬೇಕಾದ್ದು ತಿರುಮಣಿ ಹತ್ತಿರದ ಸೈಟಿನಲ್ಲಿ. ಬಿಲ್ಲು ಮಾತ್ರ ಮುಂಬೈನಲ್ಲೋ ದಿಲ್ಲಿ ಕಡೆಯೋ ಇರುವ ಹೆಡ್ ಆಫೀಸಿನ ಜಿಎಸ್‌ಟಿ ನಂಬರಿಗೆ ಬೇಕು ಅನ್ನುತ್ತಾರೆ. ತೆರಿಗೆಯ ಕಣ್ಣಿಗೆ ಅದು ಹೊರರಾಜ್ಯದ ಮಾರಾಟವಾಗಿ ಐಜಿಎಸ್‌ಟಿ ಬೀಳಬಹುದು. ಬಿಲ್ಲು ಹರಿಯುವ ಮೊದಲೇ ಆಡಿಟರಿಗೆ ಫೋನ್ ಮಾಡಿ ತೀರಿಸಿಕೊ. ಆದರೆ ನಿನ್ನ ಊರಿನ ಹಾಳೆಯಲ್ಲಿ ಅದನ್ನು ‘ಮಹಾರಾಷ್ಟ್ರ’ ಅಂತ ಬರೆದೆಯೋ, ಕೆಟ್ಟೆ. ಡೀಸೆಲ್ ಸುಟ್ಟಿದ್ದು ನಾಗಲಮಡಿಕೆ ಹೋಬಳಿಗೆ, ಮಾಲು ಖರ್ಚಾಗುವುದು ಅಲ್ಲಿ, ಮುಂದಿನ ಆರ್ಡರ್ ಕೊಡುವ ಸ್ಟೋರ್ ಕೀಪರ್ ಇರುವುದೂ ಅಲ್ಲೇ. ಹಾಗಾಗಿ ಊರಿನ ಹಾಳೆಯಲ್ಲಿ ಅದು ಪಾವಗಡ. ವಸೂಲಿಯ ಹಾಳೆಯಲ್ಲಿ ಮಾತ್ರ ‘ಹೆಡ್ ಆಫೀಸ್ ಪಾವತಿ’ ಅಂತ ಪಕ್ಕದಲ್ಲಿ ಬರೆದಿಡು. ಯಾಕೆಂದರೆ ದುಡ್ಡಿಗೆ ಸ್ಟೋರ್ ಕೀಪರನ್ನು ಪೀಡಿಸಿ ಪ್ರಯೋಜನವಿಲ್ಲ, ಚೆಕ್ಕು ಬರೆಯುವವನು ಅವನಲ್ಲ.

• ಆಂಧ್ರವನ್ನು ಐದನೇ ಊರಾಗಿ ಬೇರೆ ಬರೆ. ಪಾವಗಡಕ್ಕೆ ಮೂರು ಕಡೆಯಿಂದಲೂ ಆಂಧ್ರವೇ. ಮಡಕಶಿರಾ, ರೊದ್ದಂ ಕಡೆಯ ಸಣ್ಣ ಅಂಗಡಿಯವರು ಬಂದು ಮಾಲು ಕೇಳುತ್ತಾರೆ. ನಿನಗೆ ತೆಲುಗು ಬರುತ್ತದೆ, ವ್ಯಾಪಾರ ಕುದುರುತ್ತದೆ. ಆದರೆ ಲೆಕ್ಕದಲ್ಲಿ ಗಡಿ ಗಟ್ಟಿಯಾಗಿದೆ. ನಮ್ಮ ರಾಜ್ಯದ ಜಿಎಸ್‌ಟಿ ನಂಬರ್ 29ರಿಂದ ಶುರು, ಅವರದು 37ರಿಂದ. ಮಡಕಶಿರಾದ ಅಂಗಡಿಗೆ ಮಾಲು ತಲುಪಿಸಿದರೆ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಅಲ್ಲ, ಐಜಿಎಸ್‌ಟಿ. ನಮ್ಮ ಪಾವಗಡಕ್ಕೇ ಹೋಗುವ ಗಾಡಿ ದಾರಿಯಲ್ಲಿ ಆಂಧ್ರದ ನೆಲ ತುಳಿದು ಹೋದರೂ ಅದು ರಾಜ್ಯದೊಳಗಿನ ಮಾರಾಟವೇ, ಅದರಲ್ಲಿ ಗಾಬರಿ ಬೀಳಬೇಡ. ಸರಕಿನ ಬೆಲೆ 50,000 ದಾಟಿದರೆ ಇ-ವೇ ಬಿಲ್ ಮಾತ್ರ ಗಾಡಿಯಲ್ಲಿರಲಿ.

‘ಮೊದಲು ಜಿಎಸ್‌ಟಿಯ ಕಾಂಪೋಸಿಷನ್ ಸ್ಕೀಮಿನಲ್ಲಿ ಇರು, ತೆರಿಗೆ ಬರೀ ಶೇ 1’ ಅಂತ ಯಾರಾದರೂ ಹೇಳುತ್ತಾರೆ. ಒಂದೂವರೆ ಕೋಟಿ ವಹಿವಾಟಿನವರೆಗೆ ಅದು ಸಿಗುತ್ತದೆ, ನಿಜ. ಆದರೆ ಕಾಂಪೋಸಿಷನ್‌ನಲ್ಲಿ ಇರುವವರು ಹೊರರಾಜ್ಯಕ್ಕೆ ಮಾರುವ ಹಾಗಿಲ್ಲ, ಬಿಲ್ಲಿನಲ್ಲಿ ತೆರಿಗೆ ಹಾಕುವ ಹಾಗೂ ಇಲ್ಲ. ಗಡಿಯಲ್ಲಿ ಕೂತು ಗಡಿಯಾಚೆ ಮಾರಬಾರದು ಅಂದರೆ ಅದು ಹೋಲ್‌ಸೇಲ್ ಅಲ್ಲ. ಜಿಎಸ್‌ಟಿ ನಂಬರ್ ಇರುವ ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಇನ್‌ಪುಟ್, ಅಂದರೆ ಕೊಂಡಾಗ ಕಟ್ಟಿದ ತೆರಿಗೆಯ ಕ್ರೆಡಿಟ್ ಬೇಕು, ತೆರಿಗೆ ಇಲ್ಲದ ಬಿಲ್ಲು ಅವರಿಗೆ ಒಗ್ಗಲ್ಲ.

ಕೌಂಟರಿಗೆ ಬಂದು ಕೈಯಲ್ಲೇ ಒಯ್ಯುವ ಗಿರಾಕಿಯ ವಿಚಾರ ಬೇರೆ. ಜಿಎಸ್‌ಟಿ ನಂಬರ್ ಇಲ್ಲದವರಿಗೆ, 2023ರ ಅಕ್ಟೋಬರ್ 1ರಿಂದ, ಬಿಲ್ಲಿನಲ್ಲಿ ಯಾವ ವಿಳಾಸ ಬರೆದಿದ್ದೀಯೋ ಅದೇ ಮಾರಾಟದ ಸ್ಥಳ. ಬರೀ ರಾಜ್ಯದ ಹೆಸರು ಬರೆದರೂ ವಿಳಾಸ ಬರೆದ ಹಾಗೆ. ಏನೂ ಬರೆಯದಿದ್ದರೆ ನಿನ್ನ ಅಂಗಡಿಯೇ ಸ್ಥಳ. ಗಲ್ಲಾದಲ್ಲಿ ಕೂತ ಹುಡುಗ ಯೋಚಿಸದೆ ‘ಎಪಿ’ ಅಂತ ಒತ್ತಿದರೆ ತೆರಿಗೆಯ ಬಗೆಯೇ ಬದಲಾಗುತ್ತದೆ. ಅವನಿಗೆ ಮೊದಲ ದಿನವೇ ಹೇಳಿಕೊಡು.

• ತೆರಿಗೆಯೇ ನಿನ್ನ ಮಾಲನ್ನು ಗುಂಪು ಮಾಡಿಟ್ಟಿದೆ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಗ್ರಾಫ್ ಬುಕ್, ಪೆನ್ಸಿಲ್, ಶಾರ್ಪನರ್, ಕ್ರೇಯಾನ್, ರಬ್ಬರ್ ಇವಕ್ಕೆ ತೆರಿಗೆ ಇಲ್ಲ. ಜಾಮಿಟ್ರಿ ಬಾಕ್ಸ್ ಶೇ 5. ಪೆನ್ನು ಶೇ 18ರಲ್ಲೇ ಉಳಿಯಿತು. ಎ4 ಪೇಪರ್ 12ರಿಂದ 18ಕ್ಕೆ ಏರಿತು. ಮಗು ಬರೆಯುವ ನೋಟ್‌ಬುಕ್ಕಿಗೆ ಸೊನ್ನೆ, ಮೇಷ್ಟ್ರು ಹಾಜರಿ ಹಾಕುವ ರಿಜಿಸ್ಟರಿಗೆ 18. ಎರಡೂ ಅದೇ ಕಾಗದ, ಎರಡರ ಎಚ್‌ಎಸ್‌ಎನ್ (ಜಿಎಸ್‌ಟಿಯ ಸರಕು ಸಂಕೇತ) ತಲೆಬರಹವೂ ಅದೇ 4820. ಇದರ ನ್ಯಾಯ ಕೇಳಬೇಡ, ಗುಂಪು ಸರಿಯಾಗಿ ಮಾಡು.

ಇದರಲ್ಲಿ ಕಾಣದ ಖರ್ಚು ಒಂದಿದೆ. ತೆರಿಗೆ ಇಲ್ಲದ ಮಾಲಿನ ಮೇಲೆ ಇನ್‌ಪುಟ್ ಸಿಗಲ್ಲ. ತೆರಿಗೆ ಇರುವ ಮಾಲು, ಇಲ್ಲದ ಮಾಲು ಎರಡಕ್ಕೂ ಸೇರಿದ ಖರ್ಚು, ಅಂದರೆ ಗೋಡೌನ್ ಬಾಡಿಗೆ, ಬಿಲ್ಲಿಂಗ್ ಕಂಪ್ಯೂಟರ್ ಇಂಥವಕ್ಕೆ ಕಟ್ಟಿದ ತೆರಿಗೆಯಲ್ಲೂ ತೆರಿಗೆ ಇಲ್ಲದ ಮಾರಾಟದ ಪಾಲಿನಷ್ಟನ್ನು ಬಿಟ್ಟುಕೊಡಬೇಕು. ಜೂನ್ ತಿಂಗಳಲ್ಲಿ ನೋಟ್‌ಬುಕ್ಕೇ ಹೆಚ್ಚು ಹೋಗುವುದರಿಂದ ಆ ಪಾಲು ದೊಡ್ಡದು. ಅದನ್ನು ಶಾಲೆ ಮಾಲಿನ ಖರ್ಚಿಗೆ ಸೇರಿಸು. ಇಲ್ಲದಿದ್ದರೆ ನೋಟ್‌ಬುಕ್ ವ್ಯಾಪಾರ ಇರುವುದಕ್ಕಿಂತ ಚೆಂದ ಕಾಣುತ್ತದೆ.

• ಈಗ ಪೆನ್ನು ಹಿಡಿ, ಒಂದು ಲೆಕ್ಕ ಮಾಡೋಣ. ಅಂಕಿ ಕಲ್ಪನೆಯದು, ದಾರಿ ನಿಜದ್ದು.

ಕೊರಟಗೆರೆಗೆ ಒಂದು ಲಕ್ಷದ ನೋಟ್‌ಬುಕ್ ಮಾರಿದೆ. ಮಾರ್ಜಿನ್ ಶೇ 12, ಅಂದರೆ 12,000. ಗಾಡಿ ಖರ್ಚು 1,500. ದುಡ್ಡು ಒಂದು ತಿಂಗಳಿಗೆ ಬಂತು. ಮಾಲಿಗೆ ನೀನು ಹಾಕಿದ್ದು 88,000. ಬ್ಯಾಂಕಿನ ಓವರ್‌ಡ್ರಾಫ್ಟ್ ವರ್ಷಕ್ಕೆ ಶೇ 12 ಅಂದರೆ ತಿಂಗಳಿಗೆ ಶೇ 1, ಬಡ್ಡಿ 880. ಕೈಗೆ ಉಳಿದದ್ದು 9,620.

ಪಾವಗಡದ ಕಚೇರಿಗಳಿಗೆ ಒಂದು ಲಕ್ಷದ ಫೈಲು-ಪೇಪರ್ ಮಾರಿದೆ. ಮಾರ್ಜಿನ್ ಶೇ 18, ಅಂದರೆ 18,000. ಎದೆ ಉಬ್ಬಿತು. ಗಾಡಿ ಖರ್ಚು 4,000. ದುಡ್ಡು ಬಂದದ್ದು ಆರು ತಿಂಗಳಿಗೆ. ಹಾಕಿದ್ದು 82,000, ಆರು ತಿಂಗಳ ಬಡ್ಡಿ 4,920. ಉಳಿದದ್ದು 9,080.

ಶೇ 18ರ ವ್ಯಾಪಾರ ಶೇ 12ರ ವ್ಯಾಪಾರಕ್ಕೆ ಸೋತಿತು. ಅಷ್ಟೇ ಅಲ್ಲ. ಕೊರಟಗೆರೆಯ ದುಡ್ಡು ಆ ಆರು ತಿಂಗಳಲ್ಲಿ ಇನ್ನೂ ನಾಲ್ಕೈದು ಸುತ್ತು ತಿರುಗಬಹುದಿತ್ತು, ಪಾವಗಡದ್ದು ಫೈಲಿನೊಳಗೆ ಮಲಗಿತ್ತು. ಒಟ್ಟು ಮಾರಾಟ ಎರಡು ಲಕ್ಷ ಅಂತ ಬರೆದುಕೊಂಡವನಿಗೆ ಇದು ಕಾಣುವುದೇ ಇಲ್ಲ. ಹಾಗಂತ ಪಾವಗಡ ಬಿಡು ಅಂತ ನಾನು ಹೇಳುತ್ತಿಲ್ಲ. ಗಾಡಿ ಖರ್ಚು ಬಿಲ್ಲಿನಲ್ಲೇ ಹಾಕು, ವಾರಕ್ಕೆರಡು ಸಲ ಹೋಗುವ ಬದಲು ಒಂದೇ ಸಲ ತುಂಬಿಸಿಕೊಂಡು ಹೋಗು, ಸೈಟ್ ಆಫೀಸಿನ ಆರ್ಡರನ್ನೂ ಅದೇ ದಿನಕ್ಕೆ ಹೊಂದಿಸು. ಗಾಡಿ ಖರ್ಚು 4,000 ಇದ್ದದ್ದು 2,500ಕ್ಕೆ ಇಳಿದರೆ ಪಾವಗಡದಲ್ಲಿ ಉಳಿಯುವುದು 10,580. ಆಗ ಒಂದು ಸುತ್ತಿನ ಮಟ್ಟಿಗೆ ಅದೇ ಮೇಲು. ಈ ತೀರ್ಮಾನ ಮಾಡುವುದಕ್ಕೇ ಲೆಕ್ಕ ಬಿಡಿಸುವುದು.

• ಅಂಗಡಿ ಬಾಡಿಗೆ, ಕರೆಂಟ್ ಬಿಲ್ಲು, ನಿನ್ನ ಮನೆಖರ್ಚಿಗೆ ತೆಗೆದ ದುಡ್ಡು, ಇವನ್ನು ಊರಿಗೆ ಹಂಚಬೇಡ. ‘ಸಿರಾಕ್ಕೆ ಬಾಡಿಗೆಯ ಕಾಲು ಭಾಗ’ ಅಂತ ಹಂಚಿದರೆ ಸಿರಾ ಲೈನು ನಷ್ಟದಲ್ಲಿದೆ ಅಂತ ತೋರುತ್ತದೆ, ಲೈನು ನಿಲ್ಲಿಸುತ್ತೀಯ. ಬಾಡಿಗೆಯೇನು ಕಡಿಮೆಯಾಗಲ್ಲ, ಮಿಕ್ಕ ಮೂರು ಊರಿನ ತಲೆ ಮೇಲೆ ಬೀಳುತ್ತದೆ. ಆ ಊರಿಗೆ ಹೋಗದಿದ್ದರೆ ಯಾವ ಖರ್ಚು ಉಳಿಯುತ್ತಿತ್ತೋ ಅದನ್ನಷ್ಟೇ ಆ ಊರಿಗೆ ಬರೆ. ಮಿಕ್ಕದ್ದೆಲ್ಲ ಕೆಳಗೆ ‘ಅಂಗಡಿ ಖರ್ಚು’ ಅಂತ ಒಂದೇ ಸಾಲು.

• ಉದ್ರಿಯನ್ನು ಊರುವಾರು, ವಯಸ್ಸುವಾರು ಬರೆ. ಒಂದು ತಿಂಗಳೊಳಗಿನದು, ಮೂರು ತಿಂಗಳೊಳಗಿನದು, ಅದಕ್ಕೂ ಹಳೆಯದು, ಹೀಗೆ ಮೂರು ಮನೆ ಸಾಕು. ಸಣ್ಣ ಅಂಗಡಿಯವನ ಬಾಕಿ ಮೂರು ತಿಂಗಳು ದಾಟಿದರೆ ಹೊಸ ಮಾಲು ಕೊಡಬೇಡ. ಸರ್ಕಾರಿ ಕಚೇರಿಯ ಬಾಕಿಯನ್ನು ಇದರ ಜೊತೆ ಬೆರೆಸಬೇಡ. ಅದು ಬರುವುದು ಗ್ಯಾರಂಟಿ, ಯಾವಾಗ ಅನ್ನುವುದು ಗ್ಯಾರಂಟಿ ಇಲ್ಲ. ಅನುದಾನ ಬಿಡುಗಡೆಯಾಗಬೇಕು, ಬಿಲ್ಲು ಖಜಾನೆಗೆ ಹೋಗಬೇಕು. ಮಾರ್ಚ್ ಕೊನೆಯ ವಾರ ಎಲ್ಲ ಕಚೇರಿಯವರೂ ಒಟ್ಟಿಗೆ ಮಾಲು ಕೇಳುತ್ತಾರೆ, ಬಿಲ್ಲಿನ ಮೇಲೆ ತಾರೀಖು ಮಾತ್ರ ಮಾರ್ಚ್ 31ರ ಒಳಗೆ ಇರಬೇಕು ಅನ್ನುತ್ತಾರೆ. ಮಾಲು ಕೊಡದೆ ಬಿಲ್ಲು ಹರಿಯಬೇಡ, ಎಷ್ಟೇ ಬೇಕಾದವರಿರಲಿ.

ಒಂದೇ ಗುತ್ತಿಗೆ ತೆರಿಗೆ ಬಿಟ್ಟು ಎರಡೂವರೆ ಲಕ್ಷ ದಾಟಿದರೆ ಇಲಾಖೆಯವರು ಶೇ 2 ಜಿಎಸ್‌ಟಿ ಟಿಡಿಎಸ್ ಹಿಡಿದು ಮಿಕ್ಕದ್ದನ್ನು ಕೊಡುತ್ತಾರೆ. ಅದು ಹೋದ ದುಡ್ಡಲ್ಲ, ಪೋರ್ಟಲಿನಲ್ಲಿ ನಿನ್ನ ಕ್ಯಾಶ್ ಲೆಡ್ಜರಿಗೆ ಬಂದು ಕೂರುತ್ತದೆ. ಬಂದಿದೆಯಾ ಅಂತ ನೋಡುವುದು ನಿನ್ನ ಕೆಲಸ.

• ಜೂನನ್ನು ಮೇ ಜೊತೆ ಹೋಲಿಸಬೇಡ. ಜೂನನ್ನು ಹೋದ ವರ್ಷದ ಜೂನ್ ಜೊತೆ ಹೋಲಿಸು. ಶಾಲೆ ಮಾಲಿಗೆ ಮೇ ಕೊನೆಯಿಂದ ಜುಲೈವರೆಗೆ ಸುಗ್ಗಿ. ಕಚೇರಿ ಮಾಲಿಗೆ ಮಾರ್ಚ್. ಆಯುಧಪೂಜೆ, ದೀಪಾವಳಿಗೆ ಅಂಗಡಿಯವರು ಹೊಸ ಖಾತೆ ಪುಸ್ತಕ, ಕಿರ್ದಿ ಪುಸ್ತಕ ಕೊಳ್ಳುವುದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಡಿಸೆಂಬರಿನಲ್ಲಿ ಡೈರಿ, ಕ್ಯಾಲೆಂಡರ್. ಜನವರಿ ದಾಟಿದ ಡೈರಿಯನ್ನು ದಾಸ್ತಾನಿನಲ್ಲಿ ಪೂರ್ತಿ ಬೆಲೆಗೆ ತೋರಿಸಬೇಡ, ಅದು ರಫ್ ಬುಕ್ಕಿನ ಬೆಲೆಯದು.

• ದಾಸ್ತಾನನ್ನೂ ಗುಂಪುವಾರು ಎಣಿಸು. ಮಾರಾಟ ಚೆನ್ನಾಗಿ ಕಾಣುವ ಗುಂಪಿನಲ್ಲೇ ಸತ್ತ ಮಾಲು ಹೆಚ್ಚಿರುತ್ತದೆ. ಹಳೆ ಮಾಡೆಲ್ ಪ್ರಿಂಟರಿನ ಟೋನರ್ ಇದಕ್ಕೆ ಒಳ್ಳೆಯ ಉದಾಹರಣೆ. ಬೆಂಗಳೂರಿನ ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆಗೆ ಹೋದಾಗ ‘ಹತ್ತು ತಗೊಂಡರೆ ಒಂದು ಫ್ರೀ’ ಅಂತ ತಲೆ ಸವರುತ್ತಾರೆ. ಜೇಬಿನಲ್ಲಿ ಗುಂಪಿನ ಹಾಳೆ ಇದ್ದರೆ ಬೇಡ ಅನ್ನುವ ಧೈರ್ಯ ಬರುತ್ತದೆ.

• ಮುಂದೆ ಸಿರಾದಲ್ಲಿ ಬ್ರಾಂಚ್ ತೆರೆದರೆ, ಮಧುಗಿರಿಯಿಂದ ಅಲ್ಲಿಗೆ ಕಳಿಸಿದ ಮಾಲನ್ನು ಮಾರಾಟ ಅಂತ ಬರೆಯಬೇಡ. ರಾಜ್ಯದೊಳಗೆ ಒಂದೇ ಜಿಎಸ್‌ಟಿ ನಂಬರ್ ಇದ್ದರೆ ಡೆಲಿವರಿ ಚಲನ್ ಸಾಕು. ಸಿರಾದಲ್ಲಿ ಗಿರಾಕಿ ಕೊಂಡಾಗಲೇ ಅದು ಮಾರಾಟ. ಹಿಂದೂಪುರದಲ್ಲಿ ತೆರೆದರೆ ಮಾತು ಬೇರೆ. ಅಲ್ಲಿಗೆ 37ರ ಹೊಸ ನಂಬರ್ ಬೇಕು, ನಿನ್ನ ಗೋಡೌನಿನಿಂದ ನಿನ್ನ ಅಂಗಡಿಗೇ ಮಾಲು ಹೋದರೂ ತೆರಿಗೆ ಬಿಲ್ಲು ಹರಿಯಬೇಕು. ಆಗಲೂ ನಿನ್ನ ಒಳಲೆಕ್ಕದಲ್ಲಿ ಅದು ಮಾರಾಟವಲ್ಲ.

• ಮಾರಾಟದ ಜಿಎಸ್‌ಟಿ ರಿಟರ್ನ್, ಅಂದರೆ ಜಿಎಸ್‌ಟಿಆರ್-1 ತುಂಬುವಾಗ ನೀನೇ ಪಕ್ಕದಲ್ಲಿ ಕೂತಿರು. ಅದರಲ್ಲಿ ಎಚ್‌ಎಸ್‌ಎನ್‌ವಾರು ಮೊತ್ತ ಬೇಕು, ನೋಂದಣಿ ಇಲ್ಲದವರಿಗೆ ಮಾರಿದ್ದನ್ನು ರಾಜ್ಯವಾರು ಕೊಡಬೇಕು, ಹೊರರಾಜ್ಯದ ಅಂಥ ಬಿಲ್ಲು ಒಂದು ಲಕ್ಷ ದಾಟಿದರೆ ಬಿಲ್ಲುವಾರು ಕೊಡಬೇಕು. ಅಂದರೆ ನಾನು ಇಷ್ಟು ಹೊತ್ತು ಹೇಳಿದ ಮಾಲು-ಊರಿನ ಲೆಕ್ಕದ ಅರ್ಧವನ್ನು ಸರ್ಕಾರ ಹೇಗೂ ಕೇಳುತ್ತದೆ. ಅಷ್ಟೆಲ್ಲ ತುಂಬಿ ಕಳಿಸಿ, ಅದನ್ನು ತಾವು ಮಾತ್ರ ಒಮ್ಮೆಯೂ ಓದದ ವ್ಯಾಪಾರಿಗಳೇ ಹೆಚ್ಚು.

• ಟ್ಯಾಲಿ ಇದ್ದರೆ ಮಾಲಿಗೆ ಸ್ಟಾಕ್ ಗ್ರೂಪ್, ಊರಿಗೆ ಕಾಸ್ಟ್ ಸೆಂಟರ್ ಮಾಡಿಸು. ಒಂದು ಮಧ್ಯಾಹ್ನದ ಕೆಲಸ. ಇಲ್ಲದಿದ್ದರೆ ಒಂದು ಲಾಂಗ್ ಬುಕ್ ಸಾಕು: ಅಡ್ಡಕ್ಕೆ ಐದು ಊರು (ಪಾವಗಡದೊಳಗೆ ಅದರ ಹೋಬಳಿಗಳು), ಉದ್ದಕ್ಕೆ ನಾಲ್ಕು ಮಾಲು, ಕೆಳಗೆ ಗಾಡಿ ಖರ್ಚು, ಬಾಕಿ. ತಿಂಗಳಿಗೆ ಒಂದೇ ಪುಟ. ಎರಡನೇ ಪುಟಕ್ಕೆ ಹೋಯಿತು ಅಂದರೆ ನೀನು ಓದಲ್ಲ.

• ಗುರುತು ಹಾಕುವ ಕೆಲಸ ಒಬ್ಬರದೇ ಆಗಿರಲಿ. ನನ್ನನ್ನು ಕೇಳಿದರೆ ನಿನ್ನ ಹೆಂಡತಿಗೆ ಕೊಡು. ಬಿ.ಕಾಂ. ಓದಿದ ಹುಡುಗಿ, ನಿನಗಿಂತ ಅವಳಿಗೆ ಲೆಕ್ಕದಲ್ಲಿ ಕಣ್ಣು ಸೂಕ್ಷ್ಮ. ಅವಳು ಪ್ರಶ್ನೆ ಕೇಳಿದರೆ ‘ನಿಂಗೇನು ಗೊತ್ತು ವ್ಯಾಪಾರ’ ಅನ್ನಬೇಡ.

• ಲೈನ್ ಹುಡುಗನಿಗೆ ಕಮಿಷನ್ ಕೊಡುವುದಾದರೆ ಮಾರಿದ್ದರ ಮೇಲೆ ಕೊಡಬೇಡ, ವಸೂಲಾದ್ದರ ಮೇಲೆ ಕೊಡು.

• ಹೋದ ವರ್ಷದ ಗುಂಪನ್ನು ಈ ವರ್ಷ ಬದಲಾಯಿಸಲೇಬೇಕಾಯಿತು ಅನ್ನು. ಆಗ ಹೋದ ವರ್ಷದ ಅಂಕಿಯನ್ನೂ ಹೊಸ ಗುಂಪಿಗೆ ತಿರುಗಿಸಿ ಬರೆದುಕೊ. ದೊಡ್ಡ ಕಂಪನಿಗಳೂ ಹೀಗೆಯೇ ಮಾಡಬೇಕು. ಇಲ್ಲದಿದ್ದರೆ ಟೋನರ್ ಮಾರಾಟ ಏರಿತೋ, ಎ4 ಅದರೊಳಗೆ ಬಂದು ಕೂತಿತೋ ಅಂತ ಗೊತ್ತಾಗಲ್ಲ.

ಇಷ್ಟನ್ನೂ ಮೊದಲ ತಿಂಗಳೇ ಮಾಡು ಅನ್ನಲ್ಲ. ಮೊದಲ ತಿಂಗಳು ಎರಡು ಗುರುತು ಮತ್ತು ಬಾಕಿ ಹಾಳೆ, ಅಷ್ಟಾದರೆ ಸಾಕು. ಜಿಎಸ್‌ಟಿಆರ್-1 ಪ್ರತಿ ತಿಂಗಳು 11ರ ಒಳಗೆ ಹೋಗಬೇಕು. ಅದಕ್ಕೆ ಎರಡು ದಿನ ಮೊದಲು ಆ ಒಂದು ಪುಟ ತೆಗೆದುಕೊಂಡು ನೀವಿಬ್ಬರೂ ಮನೆಗೆ ಬನ್ನಿ. ಪಾವಗಡದ ಸಾಲಿನಿಂದ ಶುರು ಮಾಡೋಣ.